.22 ಪಿಸ್ತೂಲು ತೊಗೊಳ್ಳಲೇ ಅಂತ ಕೇಳಿದವರಿಗೆ

ಅಕ್ಕ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ನೀವು ಬರೆದದ್ದು ಇಷ್ಟು. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಅಮೆರಿಕದ ಟೆಕ್ಸಾಸಿಗೆ, ಡಾಲಸ್ ಪಕ್ಕದ ಪ್ಲೇನೋಗೆ ಹೊಸದಾಗಿ ಬಂದಿದ್ದೀರಿ. ವಾರದಲ್ಲಿ ಒಂದೆರಡು ರಾತ್ರಿ ಕೆಲಸಕ್ಕೆ ಹೋಗಬೇಕು, ಆಗ ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಹೆಂಡತಿ ಒಬ್ಬರೇ ಇರುತ್ತಾರೆ. ಆಫೀಸಿನ ಗೆಳೆಯರೊಬ್ಬರು "ಒಂದು .22 ಪಿಸ್ತೂಲು ಇಟ್ಟುಕೊಳ್ಳಿ, ಕೈಗೆ ಒದೆಯಲ್ಲ, ತೋಟಾನೂ ಅಗ್ಗ, ಹೆಂಗಸರಿಗೆ ಅದೇ ಸರಿ" ಅಂದಿದ್ದಾರೆ. .22 ಅಂದರೆ ಇಂಚಿನ ನೂರರಲ್ಲಿ 22 ಪಾಲಿನಷ್ಟು ಅಗಲದ ಸಣ್ಣ ಗುಂಡು. ಅಂಥ ಪಿಸ್ತೂಲು ಆತ್ಮರಕ್ಷಣೆಗೆ ಆಗುತ್ತಾ ಅನ್ನೋದು ನಿಮ್ಮ ಪ್ರಶ್ನೆ.

ಪಿಸ್ತೂಲಿನ ಮಾತಿಗೆ ಮೊದಲು ಕಾನೂನಿನ ಮಾತು. ನೀವೀಗ ಯಾವ ಪಿಸ್ತೂಲನ್ನೂ ಕೊಳ್ಳಬೇಡಿ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡಲು ಲೈಸೆನ್ಸ್ ಬೇಡ. ಅದನ್ನು ಕೇಳಿ ಎಲ್ಲರಿಗೂ ಬಾಗಿಲು ತೆರೆದಿದೆ ಅಂತ ನಮ್ಮವರು ಸುಮಾರು ಜನ ಅಂದುಕೊಳ್ಳುತ್ತಾರೆ. ಅದು ರಾಜ್ಯದ ಕಾನೂನು. ಅದರ ಮೇಲೆ ಕೇಂದ್ರದ ಕಾನೂನು ಇದೆ. 1998ರಿಂದ ಅದರಲ್ಲಿ ಸ್ಪಷ್ಟವಾಗಿದೆ: ಎಚ್-1ಬಿ, ಅವರ ಹೆಂಡತಿ ಅಥವಾ ಗಂಡನಿಗೆ ಸಿಗುವ ಎಚ್-4, ಓದಲು ಬಂದವರ ಎಫ್-1 ತರಹದ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ. ಗೆಳೆಯರ ಜೊತೆ ಗುರಿ ಅಭ್ಯಾಸದ ಜಾಗಕ್ಕೆ, ಅಂದರೆ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲಿನಲ್ಲಿ ನಾಲ್ಕು ಗುಂಡು ಹೊಡೆದರೂ ಕಾನೂನಿನ ಕಣ್ಣಿಗೆ ಅದೂ ಹೊಂದಿದಂತೆಯೇ. ತಪ್ಪಿದರೆ 15 ವರ್ಷದವರೆಗೆ ಜೈಲು ಆಗಬಹುದು. ಜೊತೆಗೆ, ಬಂದೂಕಿನ ಅಪರಾಧ ಸಾಬೀತಾದರೆ ದೇಶದಿಂದ ಕಳಿಸಿಬಿಡಲು ಅದೇ ಸಾಕು. ಗ್ರೀನ್ ಕಾರ್ಡ್ ಇದ್ದವರಿಗೂ ಈ ಭಯ ತಪ್ಪಿದ್ದಲ್ಲ.

ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಈ ನಿಷೇಧದಿಂದ ವಿನಾಯಿತಿ ಇದೆ. ಯಾರಾದರೂ ಇದನ್ನು ನಿಮಗೆ ಹೇಳಿಯೇ ಹೇಳುತ್ತಾರೆ. ಬೇಟೆಗೆ ಹೋಗುವ ಮನಸ್ಸಿಲ್ಲದೆ, ಬರೀ ಮನೆಯಲ್ಲಿ ಪಿಸ್ತೂಲು ಇಡಬೇಕು ಅಂತ ಆ ದಾರಿ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಹಿಡಿಯಲೇಬೇಕಿದ್ದರೆ ಮೊದಲು ಇಮಿಗ್ರೇಶನ್ ವಕೀಲರನ್ನು ಕೇಳಿ. ಇನ್ನೊಂದು ವಿಷಯ, ಇದನ್ನು ಚೆನ್ನಾಗಿ ನೆನಪಿಡಿ. ಸಿಟಿಜನ್ ಆಗಿರುವ ಗೆಳೆಯರು "ನನ್ನ ಹೆಸರಲ್ಲಿ ಕೊಂಡು ಕೊಡ್ತೀನಿ" ಅಂದರೆ ಕೈಮುಗಿದು ಬೇಡ ಅನ್ನಿ. ಅದು ಅವರಿಗೂ ಅಪರಾಧ, ನಿಮಗೂ ಅಪರಾಧ.

ನಾನು ಕೊಪ್ಪದ ಕಡೆಯವಳು. ನಮ್ಮಲ್ಲಿ ತೋಟಕ್ಕೆ ಬರುವ ಹಂದಿ ಓಡಿಸಲು ಕೋವಿ ಇಡುತ್ತಾರೆ. ಅದರ ಲೈಸೆನ್ಸಿಗೆ ಡಿಸಿ ಆಫೀಸಿಗೆ ಅಲೆಯಬೇಕು. ಚುನಾವಣೆ ಬಂತೆಂದರೆ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕು. ಇಲ್ಲಿ ಅರ್ಹತೆ ಇದ್ದವರು ಅಂಗಡಿಗೆ ಹೋಗಿ, 4473 ಅನ್ನುವ ಫಾರಂ ತುಂಬಿ, ಎಷ್ಟೋ ಸಲ ಅದೇ ದಿನ ಪಿಸ್ತೂಲು ಹಿಡಿದುಕೊಂಡು ಬರುತ್ತಾರೆ. ಕೊಳ್ಳುವುದು ಸುಲಭ ಅಂತ ಕಾನೂನು ಸಡಿಲ ಅಂದುಕೊಳ್ಳಬಾರದು. ಆ ಫಾರಂನಲ್ಲಿ ವೀಸಾದ ಪ್ರಶ್ನೆ ಇದೆ. ಅದಕ್ಕೆ ಸುಳ್ಳು ಬರೆದರೆ ಅದೇ ಒಂದು ಬೇರೆ ಅಪರಾಧ.

ಇನ್ನು .22ಗೆ ಬರೋಣ. ಮುಂದೆ ಗ್ರೀನ್ ಕಾರ್ಡ್ ಬಂದಾಗ ಈ ಪ್ರಶ್ನೆ ಮತ್ತೆ ಎದುರಾಗುತ್ತದೆ, ಆಗ ಕೆಲಸಕ್ಕೆ ಬರಲಿ. ಈ ತೋಟಾದಲ್ಲಿ ಶಕ್ತಿ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಗುಂಡಿನ ತೂಕ ಎರಡೂವರೆ ಗ್ರಾಂ ಆಸುಪಾಸು, ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಬಳಸುವ 9 ಎಂಎಂ ಗುಂಡು ಏಳೂವರೆಯಿಂದ ಎಂಟು ಗ್ರಾಂ. ಗಿಡ್ಡ ನಳಿಗೆಯಿಂದ ಹೊರಟಾಗ .22ರ ಶಕ್ತಿ 9 ಎಂಎಂನ ಮೂರರಲ್ಲೊಂದು ಪಾಲೂ ಇರುವುದಿಲ್ಲ. ಆದರೆ ನನಗೆ ಅದಕ್ಕಿಂತ ದೊಡ್ಡ ಚಿಂತೆ, ಬೇಕಾದಾಗ ಅದು ಹಾರಿಯೇ ಹಾರುತ್ತದೆ ಅಂತ ನಂಬುವಂತಿಲ್ಲ ಅನ್ನುವುದು.

ಈಗ ಸಾಮಾನ್ಯವಾಗಿ ಸಿಗುವ .22 ಲಾಂಗ್ ರೈಫಲ್ ತೋಟಾ 1887ರಲ್ಲಿ ಬಂದದ್ದು. ಕಿಡಿ ಹತ್ತಿಸುವ ಮದ್ದು ಇದರಲ್ಲಿ ತಳದ ಅಂಚಿನ ಒಳಗೆ ಸುತ್ತಲೂ ಹರಡಿರುತ್ತದೆ. ಅದಕ್ಕೇ ರಿಮ್‌ಫೈರ್ ಅನ್ನುವ ಹೆಸರು. ಪಿಸ್ತೂಲಿನ ಮೊಳೆ ಆ ಅಂಚಿಗೆ ಬಡಿಯುತ್ತದೆ. ತಯಾರಾಗುವಾಗ ಮದ್ದು ಒಂದು ಕಡೆ ತೆಳುವಾಗಿದ್ದು, ಮೊಳೆ ಅಲ್ಲೇ ಬಡಿದರೆ ಬರೀ ಟಿಕ್ ಅನ್ನುತ್ತದೆ, ಗುಂಡು ಹಾರುವುದಿಲ್ಲ. 9 ಎಂಎಂನಂಥ ಸೆಂಟರ್‌ಫೈರ್ ತೋಟಾದಲ್ಲಿ ಆ ಮದ್ದು ನಟ್ಟನಡುವೆ ಬೇರೆಯೇ ಪುಟ್ಟ ಬಟ್ಟಲಿನಲ್ಲಿ ಕೂತಿರುತ್ತದೆ, ತಪ್ಪುವುದು ತುಂಬ ಕಡಿಮೆ. ಮೇಲಾಗಿ .22 ತೋಟಾಕ್ಕೆ ತಳದಲ್ಲಿ ಹೊರಚಾಚಿದ ಅಂಚು ಇರುವುದರಿಂದ ತೋಟಾ ತುಂಬಿಡುವ ಮ್ಯಾಗಜೀನಿನಲ್ಲಿ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಕೊಳ್ಳಬಹುದು. ಸುಟ್ಟ ಮದ್ದು, ಸೀಸ, ಮೇಣ ಸೇರಿ ಒಳಗೆ ಬೇಗ ಕೊಳೆ ಕಟ್ಟುತ್ತದೆ. ರೇಂಜಿನಲ್ಲಿ ಅಭ್ಯಾಸ ಮಾಡುವಾಗ ಹೀಗೆ ಸಿಕ್ಕಿಕೊಂಡರೆ ಬಿಡಿಸಿ ಮುಂದುವರಿಯಬಹುದು. ಮನೆ ಬಾಗಿಲು ಒಡೆದು ಒಳಗೆ ಬಂದವನ ಎದುರು ಆ ಹೊತ್ತು ಸಿಗುತ್ತಾ?

ಹಾಗಾದರೆ ರಿವಾಲ್ವರ್ ತೊಗೊಳ್ಳೋಣ, ಒಂದು ತೋಟಾ ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದಲ್ಲ ಅನ್ನುತ್ತಾರೆ. ಒಳ್ಳೆಯ ಯೋಚನೆಯೇ. ಆದರೆ ಅಂಚಿನ ಮದ್ದು ಹತ್ತಬೇಕೆಂದರೆ ಏಟು ಜೋರಾಗಿ ಬೀಳಬೇಕು. ಅದಕ್ಕೇ .22 ರಿವಾಲ್ವರುಗಳ ಟ್ರಿಗರ್ ಬಹಳ ಬಿಗಿ. ಬೆರಳಿಗೆ ಬಲ ಸಾಲದವರಿಗೆ ಅಂತ ಕೊಟ್ಟದ್ದು ಬೆರಳಿಗೇ ಕಷ್ಟವಾಗುತ್ತದೆ.

ಇದು ಆಟಿಕೆ ಅಂತ ಮಾತ್ರ ದಯವಿಟ್ಟು ಅಂದುಕೊಳ್ಳಬೇಡಿ. 1968ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಸತ್ತದ್ದು .22 ರಿವಾಲ್ವರಿನ ಗುಂಡಿಗೆ. 1981ರ ಮಾರ್ಚ್ 30ರಂದು ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿದ್ದೂ .22 ರಿವಾಲ್ವರಿನಿಂದಲೇ. ಕಾರಿಗೆ ತಗುಲಿ ಚಿಮ್ಮಿದ ಒಂದು ಗುಂಡು ಅವರ ಎದೆಯೊಳಗೆ ಹೃದಯದ ಹತ್ತಿರ ಹೋಗಿ ನಿಂತಿತು. ತಮಗೆ ಗುಂಡು ಬಿದ್ದಿದೆ ಅಂತ ಅವರಿಗೆ ಮೊದಲು ಗೊತ್ತೇ ಆಗಲಿಲ್ಲ. ಆಸ್ಪತ್ರೆಯೊಳಗೆ ಅವರು ತಮ್ಮ ಕಾಲ ಮೇಲೆ ನಡೆದೇ ಹೋದರು, ಆಮೇಲೆ ಕುಸಿದರು. ತಲೆಗೆ ಏಟು ತಿಂದ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಬದುಕಿಡೀ ನರಳಿದರು.

ರೇಗನ್ ವಿಷಯವನ್ನೇ ನೋಡಿ. ಜೀವ ಹೋಗುವಂಥ ಗಾಯ, ಆದರೂ ಎಪ್ಪತ್ತು ವರ್ಷದ ಮನುಷ್ಯ ನಡೆದಾಡುತ್ತಿದ್ದರು. ಮನೆಗೆ ನುಗ್ಗಿದವನಿಗೂ ಹೀಗೇ ಆದರೆ? ನಿಮ್ಮ ಹೆಂಡತಿಗೆ ಬೇಕಿರುವುದು ಅವನು ಆ ಕ್ಷಣ ನಿಲ್ಲುವುದು. ಅವನು ನಿಲ್ಲದೆ ಅವರ ಮೇಲೆ ಬೀಳಬಹುದು, ಅರ್ಧ ಗಂಟೆ ಆದಮೇಲೆ ಸಾಯಲೂಬಹುದು. ಕೋರ್ಟಿನಲ್ಲಿ ಸಣ್ಣ ಗುಂಡು ಅಂತ ರಿಯಾಯಿತಿ ಏನೂ ಸಿಗುವುದಿಲ್ಲ. .22ರಿಂದ ಹೊಡೆದರೂ ಅದು ಪ್ರಾಣಾಂತಿಕ ಬಲಪ್ರಯೋಗವೇ. ಇಲ್ಲಿನ ಅಪಾರ್ಟ್‌ಮೆಂಟುಗಳ ಒಳಗೋಡೆ ಜಿಪ್ಸಮ್ ಹಲಗೆ. ಗುರಿ ತಪ್ಪಿದ .22 ಗುಂಡು ಅದನ್ನು ತೂರಿ ಪಕ್ಕದ ಮನೆಗೂ ಹೋಗುತ್ತದೆ.

ಕೀಲುನೋವಿನವರು, ವಯಸ್ಸಾದವರು .22 ಇಟ್ಟುಕೊಂಡದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಬೇರೆ ಪಿಸ್ತೂಲು ಹಿಡಿಯಲು ಆಗದೇ ಇರುವವರಿಗೆ ಅದೇ ಗತಿ. ಅಂಥವರಿಗೂ ನಾನು ಮೊದಲು ಹೇಳುವುದು ಸ್ಲೈಡ್, ಅಂದರೆ ತೋಟಾ ಏರಿಸಲು ಹಿಂದಕ್ಕೆ ಎಳೆಯುವ ಮೇಲಿನ ಭಾಗ, ಹಗುರಾಗಿ ಎಳೆಯಲು ಬರುವ .380 ಪಿಸ್ತೂಲು ನೋಡಿ ಅಂತ; ಅದರ ಗುಂಡು .22ಗಿಂತ ದೊಡ್ಡದು. ಸ್ಮಿತ್ ಆಂಡ್ ವೆಸ್ಸನ್‌ನವರ ಶೀಲ್ಡ್ ಈಜ಼ಿ ಅಂಥದ್ದು. "ಹೆಂಗಸರಿಗೆ ಸರಿ" ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಒಳ್ಳೆಯ ತರಬೇತಿ ಸಿಕ್ಕರೆ ಹೆಚ್ಚಿನ ಹೆಂಗಸರು 9 ಎಂಎಂ ಆರಾಮಾಗಿ ಹೊಡೆಯುತ್ತಾರೆ. .22ರ ನಿಜವಾದ ಜಾಗ ಆ ತರಬೇತಿಯಲ್ಲಿದೆ. ಸದ್ದಿಗೂ ಒದೆತಕ್ಕೂ ಬೆಚ್ಚದೆ ಗುರಿ, ಉಸಿರು, ಬೆರಳಿನ ಹಿಡಿತ ಕಲಿಯಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಈ ವಾರ ನೀವು ಮಾಡಬೇಕಾದ ಕೆಲಸ ಬೇರೆ ಇದೆ. ಟೆಕ್ಸಾಸಿನ ಬಾಡಿಗೆ ಕಾನೂನಿನ ಪ್ರಕಾರ ಹೊಸ ಬಾಡಿಗೆದಾರರು ಬಂದ ಏಳು ದಿನದೊಳಗೆ ಬೀಗದ ಕೀ ಬದಲಾಗಿರಬೇಕು. ಮುಂಬಾಗಿಲಿಗೆ ಇಣುಕು ರಂಧ್ರ ಇರಬೇಕು. ಹೊರಗಿನಿಂದ ಕೀ ಹಾಕಲು ಬಾರದ, ಒಳಗಿನಿಂದ ಮಾತ್ರ ಹಾಕುವ ಬೋಲ್ಟ್ ಇರಬೇಕು. ಬಾಲ್ಕನಿಯ ಜಾರುಬಾಗಿಲಿಗೆ ಪಿನ್ ಬೀಗ ಇರಬೇಕು, ಜೊತೆಗೆ ಹಿಡಿಕೆಯ ಚಿಲಕ ಇಲ್ಲವೇ ಅಡ್ಡಪಟ್ಟಿಯೂ ಇರಬೇಕು. ಇದೆಲ್ಲ ಮಾಲೀಕರ ಖರ್ಚು. ಯಾವುದು ಇಲ್ಲವೋ ಅದನ್ನು ಲೀಸಿಂಗ್ ಆಫೀಸಿಗೆ ಬರವಣಿಗೆಯಲ್ಲೇ ಕೇಳಿ, ಬಾಯಿಮಾತಿನಲ್ಲಿ ಕೇಳಬೇಡಿ. ಹೆಂಡತಿಯ ಕೈಗೆ ಅಂಗಡಿಯಲ್ಲಿ ಸಿಗುವ ಪೆಪ್ಪರ್ ಸ್ಪ್ರೇ ಕೊಡಿ, ಇಲ್ಲಿ ಅದಕ್ಕೆ ಅಡ್ಡಿ ಇಲ್ಲ. ಮನೆಯ ಪೂರ್ತಿ ವಿಳಾಸ, ಬಿಲ್ಡಿಂಗ್ ನಂಬರು, ಗೇಟಿನ ಕೋಡು ಅವರ ನಾಲಿಗೆ ತುದಿಯಲ್ಲಿರಲಿ. 911ಕ್ಕೆ ಫೋನ್ ಮಾಡಿದಾಗ ಮೊದಲು ಕೇಳುವುದು ಅದನ್ನೇ. ನಾವು ಇಲ್ಲೇ ಪಕ್ಕದ ಫ್ರಿಸ್ಕೋದಲ್ಲಿದ್ದೇವೆ. ಬೀಗ, ಬೋಲ್ಟ್ ಎಲ್ಲ ಸರಿಹೋಗುವ ತನಕ ನಿಮಗೆ ರಾತ್ರಿ ಕೆಲಸ ಇರುವ ದಿನ ಅವರನ್ನು ನಮ್ಮ ಮನೆಗೆ ಬಿಟ್ಟು ಹೋಗಿ.