ನೇತ್ರಾಣಿಯಲ್ಲಿ ಸ್ನಾರ್ಕೆಲಿಂಗ್: ಮಾಸ್ಕ್‌ಗೆ ನೀರು ನುಗ್ಗುವುದೇಕೆ?

ಮುರುಡೇಶ್ವರದ ಗೆಳೆಯನ ದೋಣಿಯಲ್ಲಿ ಡಿಸೆಂಬರ್‌ನಲ್ಲಿ ನೇತ್ರಾಣಿ ದ್ವೀಪಕ್ಕೆ ಸ್ನಾರ್ಕೆಲಿಂಗ್‌ಗೆ (ಮಾಸ್ಕ್, ಉಸಿರುಕೊಳವೆ ಹಾಕಿ ನೀರಿನ ಮೇಲೆ ತೇಲುತ್ತ ಕಡಲೊಳಗನ್ನು ನೋಡುವುದು) ಹೋಗುತ್ತೇನೆ, ಕಳೆದ ಸಲ ಮಾಸ್ಕ್ ಪಟ್ಟಿ ಎಷ್ಟು ಬಿಗಿದರೂ ನೀರು ನುಗ್ಗಿತು, ಗಾಜಿಗೆ ಮಂಜೂ ಕವಿಯಿತು ಎಂದಿದ್ದೀರಿ. ತಪ್ಪು ಆ ಬಿಗಿತದಲ್ಲೇ ಇರಬಹುದು. ಪಟ್ಟಿ ಎಳೆದಷ್ಟೂ ಸಿಲಿಕೋನ್ ಅಂಚು ಮಡಚಿ ಸಂದು ಬಿಡುತ್ತದೆ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಉಸಿರೆಳೆಯಿರಿ. ಕೈಬಿಟ್ಟರೂ ಅಂಟಿ ನಿಂತರೆ ಅಳತೆ ಸರಿ. ಬಿದ್ದರೆ ಬೇರೆ ಮಾಸ್ಕ್ ನೋಡಿ. ಮೀಸೆ ಇದ್ದರೆ ಮೂಗಿನ ಕೆಳಗಿನ ಅಂಚನ್ನಷ್ಟೇ ಬೋಳಿಸಿಕೊಳ್ಳಿ. ವ್ಯಾಸಲೀನ್ ಬೇಡ, ಸಿಲಿಕೋನ್ ಹಾಳಾಗುತ್ತದೆ.

ಇನ್ನು ಮಂಜು: ಹೊಸ ಗಾಜಿನ ಮೇಲೆ ಕಾರ್ಖಾನೆಯ ಪದರ ಉಳಿದಿರುತ್ತದೆ, ಅದರಿಂದ ಮಂಜು ಕವಿಯುತ್ತದೆ. ಬಿಳಿ ಟೂತ್‌ಪೇಸ್ಟ್‌ನಿಂದ ಒಳಬದಿಯನ್ನು ಬೆರಳಲ್ಲೇ ಎರಡು ಮೂರು ಸಲ ಉಜ್ಜಿ ತೊಳೆಯಿರಿ (ಗಾಜಿಗೆ ಮಾತ್ರ, ಪ್ಲಾಸ್ಟಿಕ್‌ಗಲ್ಲ). ನೀರಿಗಿಳಿಯುವ ಮುನ್ನ ಒಂದು ಹನಿ ಬೇಬಿ ಶಾಂಪೂ ಸವರಿ ಜಾಲಿಸಿ. ಮೂಗಿನಿಂದ ಉಸಿರು ಬಿಟ್ಟರೆ ಮತ್ತೆ ಮಂಜೇ.

ನೀರು ಬಂದರೆ ಗಾಬರಿ ಬೇಡ: ತಲೆ ಸ್ವಲ್ಪ ಮೇಲೆತ್ತಿ, ಚೌಕಟ್ಟಿನ ಮೇಲಂಚನ್ನು ಹಣೆಗೆ ಒತ್ತಿ, ಮೂಗಿನಿಂದ ಊದಿ. ನೀರು ಕೆಳಗಿನಿಂದ ಹೊರಹೋಗುತ್ತದೆ. ಇದನ್ನು ಮೊದಲು ಈಜುಕೊಳದಲ್ಲಿ ಹತ್ತು ಸಲವಾದರೂ ಅಭ್ಯಾಸ ಮಾಡಿ, ಏಕೆಂದರೆ ನೇತ್ರಾಣಿಯಲ್ಲಿ ಕಾಲೂರಲು ಮರಳದಂಡೆ ಇಲ್ಲ. ದೋಣಿಯಿಂದ ನೇರ ಆಳಕ್ಕೇ ಇಳಿಯಬೇಕು. ಲೈಫ್ ಜಾಕೆಟ್ ಬಿಚ್ಚಬೇಡಿ. ಬಂಡೆಗೆ ಕೈ ಇಡಬೇಡಿ, ಹವಳ ಮುರಿಯುತ್ತದೆ, ಸೀ ಅರ್ಚಿನ್ (ಮೈತುಂಬ ಮುಳ್ಳಿರುವ ಕಡಲಜೀವಿ) ಚುಚ್ಚುತ್ತದೆ.

ಮಧ್ಯಾಹ್ನದ ಕಡಲಗಾಳಿ ಅಲೆ ಎಬ್ಬಿಸುತ್ತದೆ. ಬೆಳಿಗ್ಗೆಯೇ ಹೊರಡಲು ಗೆಳೆಯನಿಗೆ ಹೇಳಿ.