ಸಂಪಾದಕರ ಉತ್ತರ: ಬೂದಿದಿಬ್ಬದಲ್ಲಿ ಊಹೆಯೆಷ್ಟು, ಪುರಾವೆಯೆಷ್ಟು?

ಬಳ್ಳಾರಿ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: "ಕುಡತಿನಿಯ ಬೂದಿದಿಬ್ಬ ರಾಕ್ಷಸನನ್ನು ಸುಟ್ಟ ಜಾಗವೆಂದು ಹಿರಿಯರು ಹೇಳುತ್ತಿದ್ದರು. ಅದು ಸಗಣಿಯ ಬೂದಿ ಎಂದು ನೀವು ಪ್ರಕಟಿಸಿದ್ದೀರಿ. ಅಕ್ಷರವೇ ಇಲ್ಲದ ಕಾಲದವರ ಬಗ್ಗೆ ಇಷ್ಟು ಖಚಿತವಾಗಿ ಹೇಳುವುದು ಹೇಗೆ? ಇದೂ ಒಂದು ಕಥೆಯಲ್ಲವೇ? ಅಷ್ಟಕ್ಕೂ, ಗೊಬ್ಬರವಾಗುವ ಸಗಣಿಯನ್ನು ಯಾವ ರೈತ ಸುಟ್ಟಾನು?"

ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಅದಕ್ಕೆ ಆಮೇಲೆ ಬರುತ್ತೇನೆ.

19ನೇ ಶತಮಾನದಲ್ಲಿ ಈ ದಿಬ್ಬಗಳ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳಿದರು. ಕರಗಿ ಗಾಜಿನಂತಾದ ತುಂಡುಗಳನ್ನು ಕೆಲವರು ಲೋಹದ ಕಿಟ್ಟವೆಂದು ಬಗೆದರು. ಅವು ಸಗಣಿಯವು, ನವಶಿಲಾಯುಗದ, ಅಂದರೆ ನಯಗೊಳಿಸಿದ ಕಲ್ಲಿನ ಆಯುಧಗಳ ಕಾಲದ, ದನಗಾಹಿಗಳು ಬಿಟ್ಟುಹೋದವು ಎಂದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಆಗ ಅದೂ ಊಹೆಯೇ. ಅದನ್ನು ಗಟ್ಟಿ ಮಾಡಿದ್ದು ಪ್ರಯೋಗಾಲಯ. ಹುಲ್ಲಿನಲ್ಲಿರುವ ಸಿಲಿಕಾ ದನದ ಹೊಟ್ಟೆಯಲ್ಲಿ ಕರಗದೆ ಸಗಣಿಯಲ್ಲಿ ಉಳಿಯುತ್ತದೆ; ತೀವ್ರ ಬೆಂಕಿಗೆ ಸಿಕ್ಕರೆ ಕರಗಿ ಗಾಜಾಗುತ್ತದೆ. 1960ರಲ್ಲಿ ಝಾಯ್ನರ್ ಎಂಬ ವಿಜ್ಞಾನಿ ಬಳ್ಳಾರಿ ಸೀಮೆಯ ಬೂದಿಯನ್ನು ಪರೀಕ್ಷಿಸಿ ಅದು ಸುಟ್ಟ ಸಗಣಿಯೇ ಎಂದು ತೋರಿಸಿದರು.

ನನಗೆ ಇದಕ್ಕಿಂತ ದೊಡ್ಡ ಸಾಕ್ಷಿಯಾಗಿ ಕಾಣುವುದು ಉಟ್ನೂರಿನದು. ಈಗಿನ ತೆಲಂಗಾಣದ ಆ ಊರಿನಲ್ಲಿ 1950ರ ದಶಕದಲ್ಲಿ ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ ಉತ್ಖನನ ನಡೆಸಿದಾಗ ಪದರಗಳ ನಡುವೆ ದನಗಳ ಗೊರಸಿನ ಅಚ್ಚುಗಳು ಸಿಕ್ಕವು. ಸುತ್ತಲೂ ಬೇಲಿಯ ಮರದ ಕಂಬಗಳನ್ನು ನೆಟ್ಟಿದ್ದ ಕುಳಿಗಳಿದ್ದವು. ಅಂದರೆ ಅದು ದನದ ದೊಡ್ಡಿ. ಸುಟ್ಟ ಮೇಲೂ ಅದೇ ಜಾಗಕ್ಕೆ ಮಂದೆಯನ್ನು ಮತ್ತೆ ತಂದು ಕೂಡಿಹಾಕುತ್ತಿದ್ದರು. ಇದನ್ನು ತಿಳಿಯಲು ಶಾಸನ ಬೇಕಾಗಲಿಲ್ಲ, ಒಂದೊಂದೇ ಪದರವನ್ನು ತಾಳ್ಮೆಯಿಂದ ಬಿಡಿಸಬೇಕಾಯಿತು.

ಕಾಲ ತಿಳಿಯುವುದು ಇದ್ದಿಲಿನಿಂದ. ಸತ್ತ ಮರದಲ್ಲಿರುವ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಸುಮಾರು 5,730 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಉಳಿದದ್ದನ್ನು ಅಳೆದು ವಯಸ್ಸು ಲೆಕ್ಕ ಹಾಕುತ್ತಾರೆ. ದಿಬ್ಬಗಳಲ್ಲಿ ಹಳೆಯವು ಕ್ರಿ.ಪೂ. ಮೂರನೇ ಸಹಸ್ರಮಾನಕ್ಕೆ ಸೇರುತ್ತವೆ.

ಆ ದನಗಾಹಿಗಳ ಊಟದ ವಿಚಾರ ಇನ್ನೂ ಸೊಗಸಾದದ್ದು. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಕರಿಕಲಾದ ಕಾಳುಗಳು ತೇಲಿ ಬರುತ್ತವೆ. ಹಸಿಯಾಗಿದ್ದರೆ ಎಂದೋ ಕೊಳೆತುಹೋಗುತ್ತಿದ್ದವು, ಸೀದದ್ದರಿಂದಲೇ ಉಳಿದಿವೆ. ಬಳ್ಳಾರಿ ಬಳಿಯ ಸಂಗನಕಲ್ಲು ಮೊದಲಾದ ನೆಲೆಗಳಲ್ಲಿ ಪ್ರಾಚೀನ ಸಸ್ಯಾವಶೇಷಗಳ ತಜ್ಞ ಡೋರಿಯನ್ ಫುಲ್ಲರ್ ಹೀಗೆ ಹುರುಳಿ, ಹೆಸರು, ಕೊರಲೆಗಳನ್ನು ಗುರುತಿಸಿದರು. ನಮ್ಮ ಅಡುಗೆಮನೆಯ ಹುರುಳಿಯ ಬೇರು ಅಷ್ಟು ಆಳಕ್ಕಿಳಿದಿದೆ ಎಂದು ಓದಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ.

ಈಗ ನಿಮ್ಮ ಪ್ರಶ್ನೆ. ಏಕೆ ಸುಟ್ಟರು? ಇಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ರಾಶಿ ಬಿದ್ದ ಸಗಣಿ, ಉಣ್ಣಿ, ನೊಣಗಳ ಕಾಟ ಕಳೆಯಲು ಎಂಬುದು ಒಂದು ವಿವರಣೆ. ಹಬ್ಬದ ಆಚರಣೆ ಎಂಬುದು ಇನ್ನೊಂದು. ಆಲ್ಚಿನ್ ಇದನ್ನು ಇಂದಿನ ದನಗಳ ಹಬ್ಬಗಳ ಬೆಂಕಿಯೊಂದಿಗೆ ಹೋಲಿಸಿದರು. ಸಂಕ್ರಾಂತಿಯಲ್ಲಿ ಕಿಚ್ಚು ಹಾಯಿಸುವುದನ್ನು ಕಂಡ ನಮಗೆ ಈ ಹೋಲಿಕೆ ತಟ್ಟನೆ ಒಪ್ಪಿಗೆಯಾಗುತ್ತದೆ. ಆದರೆ ನಡುವೆ ಸಾವಿರಾರು ವರ್ಷಗಳಿವೆ, ಆ ಅಂತರವನ್ನು ಹೋಲಿಕೆಯೊಂದೇ ತುಂಬಲಾರದು ಎಂಬುದು ನನ್ನ ಅಭಿಪ್ರಾಯ. ಬೂದಿ ಸಗಣಿಯದು ಎಂಬುದು ಸಿದ್ಧವಾದ ಮಾತು. ಸುಟ್ಟ ಉದ್ದೇಶ ಚರ್ಚೆಯಲ್ಲಿರುವ ಮಾತು. ಇವೆರಡನ್ನೂ ಒಂದೇ ದನಿಯಲ್ಲಿ ಹೇಳುವ ಬರಹವನ್ನು ನೀವು ಅನುಮಾನಿಸುವುದು ಸರಿ.

ಹಿರಿಯರ ಕಥೆಯನ್ನು ಬಿಡಬೇಡಿ. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಬೂದಿ ಎನ್ನುತ್ತಾರೆ. ಅದು ಮಣ್ಣಲ್ಲ, ಬೂದಿ ಎಂಬುದನ್ನು ವಿದ್ವಾಂಸರಿಗಿಂತ ಮೊದಲೇ ಅವರು ಗಮನಿಸಿದ್ದರು.

ಒಂದು ವಿನಂತಿ. ಹೊಲಕ್ಕೆ ಹಾಕಲು ಬೂದಿ ತೋಡಿ ಹಲವು ದಿಬ್ಬಗಳು ಕರಗಿವೆ. ತೋಡಿದ ಮೇಲೆ ಗೊರಸಿನ ಅಚ್ಚೂ ಇಲ್ಲ, ಇದ್ದಿಲೂ ಇಲ್ಲ. ನಿಮ್ಮ ಕಡೆ ಅಂಥದ್ದು ನಡೆಯುತ್ತಿದ್ದರೆ ಪುರಾತತ್ವ ಇಲಾಖೆಗೆ ಕೂಡಲೇ ತಿಳಿಸಿ. ಬಳ್ಳಾರಿಯಲ್ಲಿ ಫೂಟ್ ಹೆಸರಿನ ವಸ್ತುಸಂಗ್ರಹಾಲಯವಿದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನೂ ನಮಗೆ ಬರೆಯಿರಿ.

— ಸಂಪಾದಕ