ಮಕ್ಕಳಿಗೆ ಕೊರೊನಾ ಬಂದರೆ ಏನಾಗುತ್ತದೆ?

ನೀವು ಕೇಳಿರುವುದು ಇಷ್ಟು: 6 ವರ್ಷದ ಮಗಳಿಗೆ ಕೊರೊನಾ ಪಾಸಿಟಿವ್ ಬಂದಿದೆ, ಜ್ವರ ಮತ್ತು ಸ್ವಲ್ಪ ಕೆಮ್ಮು ಇದೆ, ಶ್ವಾಸಕೋಶಕ್ಕೆ ಏನಾದರೂ ಆಗುತ್ತಾ, ಮನೆಯಲ್ಲಿರುವ ಅಜ್ಜಿಯ ಗತಿ ಏನು ಅಂತ.

ನಾನು ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. 2020ರಿಂದ ಇಂಥ ಮಕ್ಕಳನ್ನು ನೋಡುತ್ತಾ ಬಂದಿದ್ದೇನೆ. ಈ ವಯಸ್ಸಿನ ಆರೋಗ್ಯವಾಗಿರುವ ಮಗುವಿಗೆ ಇದು ಹೆಚ್ಚಾಗಿ ಮೂರ್ನಾಲ್ಕು ದಿನದ ಜ್ವರ, ನೆಗಡಿ, ಗಂಟಲು ನೋವು, ಅಷ್ಟೇ. ಕೆಲವರಿಗೆ ವಾಂತಿ, ಭೇದಿ. ಎಷ್ಟೋ ಮಕ್ಕಳಿಗೆ ಬಂದು ಹೋಗಿದ್ದೇ ಗೊತ್ತಾಗುವುದಿಲ್ಲ. 2021ರ ಜೂನ್-ಜುಲೈನಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದೇಶದ ಹಲವು ಕಡೆ ರಕ್ತ ಪರೀಕ್ಷೆ ಮಾಡಿದಾಗ, 6ರಿಂದ 9 ವರ್ಷದವರಲ್ಲಿ ಶೇ. 57ರಷ್ಟು ಮಕ್ಕಳಿಗೆ ಆಗಲೇ ಆಂಟಿಬಾಡಿ, ಅಂದರೆ ಸೋಂಕು ಬಂದು ಹೋದ ಗುರುತು, ಇತ್ತು. ಆಗಿನ್ನೂ ಮಕ್ಕಳಿಗೆ ಲಸಿಕೆಯೇ ಶುರುವಾಗಿರಲಿಲ್ಲ! 'ಮೂರನೇ ಅಲೆ ಮಕ್ಕಳಿಗೇ ಬರುತ್ತೆ' ಅಂತ ಟಿವಿಯಲ್ಲಿ ಸುಮ್ನೆ ಹೆದರಿಸಿದ್ದೇ ಬಂತು.

ಮಕ್ಕಳ ಮೂಗು, ಗಂಟಲಿನ ಒಳಪದರ ವೈರಸ್ ಕಂಡ ಕೂಡಲೇ ಇಂಟರ್‌ಫೆರಾನ್ ಎಂಬ ರಕ್ಷಣೆಯನ್ನು ದೊಡ್ಡವರಿಗಿಂತ ಬೇಗ ಎಬ್ಬಿಸುತ್ತದೆ. ಹಾಗಾಗಿ ವೈರಸ್ ಶ್ವಾಸಕೋಶಕ್ಕೆ ಇಳಿಯುವುದು ಕಡಿಮೆ. ಆದರೆ ಒಂದು ವರ್ಷದೊಳಗಿನ ಕೂಸುಗಳು, ತೂಕ ತುಂಬಾ ಜಾಸ್ತಿ ಇರುವವರು, ಹೃದಯದ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವರನ್ನು ಮೊದಲ ದಿನವೇ ಡಾಕ್ಟರಿಗೆ ತೋರಿಸಬೇಕು.

ನೀವು ಥರ್ಮಾಮೀಟರ್ ಹಿಡಿದು ಕೂರುವ ಬದಲು ಉಸಿರು ಎಣಿಸಿ. ಮಗು ನಿದ್ದೆಯಲ್ಲಿದ್ದಾಗ ಅಂಗಿ ಮೇಲಕ್ಕೆತ್ತಿ, ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟುಕೊಂಡು ಹೊಟ್ಟೆ ಎಷ್ಟು ಸಲ ಏರುತ್ತೆ ನೋಡಿ. ಎಚ್ಚರವಿದ್ದಾಗ ಎಣಿಸಿದರೆ ಬೇಕಂತಲೇ ಜೋರಾಗಿ ಉಸಿರಾಡುತ್ತಾರೆ, ಆಟ ಅಂದುಕೊಂಡು. 5 ವರ್ಷ ದಾಟಿದವರಿಗೆ 30ರ ಮೇಲೆ ಹೋದರೆ, 1ರಿಂದ 5 ವರ್ಷದವರಿಗೆ 40ರ ಮೇಲೆ ಹೋದರೆ ಆಸ್ಪತ್ರೆಗೆ ಹೋಗಲು ತಡಮಾಡಬೇಡಿ. ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಯಾದರೆ, ನೀರೂ ಕುಡಿಯದೆ ಮಂಕಾಗಿ ಬಿದ್ದುಕೊಂಡರೆ ಎಣಿಸುತ್ತಾ ಕೂರಬೇಡಿ, ಹೊರಡಿ. ರಕ್ತದ ಆಮ್ಲಜನಕ ತೋರಿಸುವ ಆಕ್ಸಿಮೀಟರ್ ಒಂದನ್ನೇ ನಂಬಬೇಡಿ. ದೊಡ್ಡವರ ಕ್ಲಿಪ್ ಪುಟ್ಟ ಬೆರಳಿಗೆ ಸರಿಯಾಗಿ ಕೂರದೆ ಏನೇನೋ ತೋರಿಸುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಕೊರೊನಾ ವಾಸಿಯಾಗಿ 2ರಿಂದ 6 ವಾರ ಕಳೆದ ಮೇಲೆ ಕೆಲವೇ ಕೆಲವು ಮಕ್ಕಳಿಗೆ ಮತ್ತೆ ಜೋರು ಜ್ವರ ಬರುತ್ತದೆ. ಇದರ ಹೆಸರು ಎಂಐಎಸ್-ಸಿ, ಅಂದರೆ ಮೈಯ ಹಲವು ಅಂಗಗಳಲ್ಲಿ ಒಟ್ಟಿಗೆ ಉರಿಯೂತ ಬರುವ ಮಕ್ಕಳ ಕಾಯಿಲೆ. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವೈದ್ಯರು ಮೊದಲು ಎಚ್ಚರಿಸಿದ್ದು. ವೈರಸ್ ಹೋಗಿರುತ್ತದೆ, ಅದರ ಮೇಲೆ ಎದ್ದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿ ಬೀಳುತ್ತದೆ. ಕಣ್ಣು ಕೆಂಪು, ಆದರೆ ಪಿಸುರಿಲ್ಲ. ಮೈಯಲ್ಲಿ ಗಂದೆ, ತುಟಿ ಕೆಂಪಗೆ ಒಡೆದಿರುತ್ತದೆ, ಜೊತೆಗೆ ವಾಂತಿ. ಹೊಟ್ಟೆನೋವು ಎಷ್ಟಿರುತ್ತದೆ ಅಂದರೆ ಅಪೆಂಡಿಕ್ಸ್ ಇರಬಹುದು ಅಂತ ಸರ್ಜನ್ ಹತ್ತಿರ ಕಳಿಸಿದ್ದೂ ಉಂಟು. ಹೃದಯಕ್ಕೂ ಪೆಟ್ಟು ಬೀಳಬಹುದು, ಅದಕ್ಕೇ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾರೆ. ಬೇಗ ಗುರುತಿಸಿದರೆ ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್ ಕೊಟ್ಟು ಹೆಚ್ಚಿನ ಮಕ್ಕಳನ್ನು ಗುಣ ಮಾಡುತ್ತಾರೆ. ಈಗ ಇದು ಬಹಳ ಅಪರೂಪ. ಆದರೂ ಮುಂದಿನ ಒಂದೂವರೆ ತಿಂಗಳಲ್ಲಿ ಜ್ವರ ಬಂದರೆ 'ಇವಳಿಗೆ ಇಂಥ ದಿನ ಕೊರೊನಾ ಬಂದಿತ್ತು' ಅಂತ ಡಾಕ್ಟರಿಗೆ ನೀವೇ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ.

ಔಷಧಿ ಅಂದರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್, ನೀರು, ಗಂಜಿ, ನಿದ್ದೆ. ಆಸ್ಪಿರಿನ್ ಬೇಡವೇ ಬೇಡ. ಹಳೇ ಚೀಟಿ ತೋರಿಸಿ ಆಂಟಿಬಯೋಟಿಕ್ ತರಬೇಡಿ, ಅದು ವೈರಸ್‌ಗೆ ಕೆಲಸ ಮಾಡುವುದಿಲ್ಲ.

ನಿಜ ಹೇಳಬೇಕೆಂದರೆ ನನಗೆ ನಿಮ್ಮ ಮಗಳಿಗಿಂತ ಅಜ್ಜಿಯ ಚಿಂತೆಯೇ ಜಾಸ್ತಿ. ರಾತ್ರಿ ಅವರ ಪಕ್ಕ ಮಲಗುವ ಅಭ್ಯಾಸ ಇದ್ದರೆ ಸದ್ಯಕ್ಕೆ ಬಿಡಿಸಿ. ಒಂದೇ ಮನೆಯಲ್ಲಿ ಪೂರ್ತಿ ದೂರ ಇಡುವುದು ಕಷ್ಟ ಅಲ್ವಾ, ಹಾಗಾಗಿ ಕಿಟಕಿ ತೆಗೆದಿಡಿ, ಮಗು ಹತ್ತಿರ ಬಂದಾಗ ಅಜ್ಜಿ ಮಾಸ್ಕ್ ಹಾಕಿಕೊಳ್ಳಲಿ. ಅವರಿಗೆ ಶುಗರ್, ಬಿಪಿ ಇದ್ದು ಸಣ್ಣ ಜ್ವರ ಕಾಣಿಸಿಕೊಂಡರೂ ಅದೇ ದಿನ ಟೆಸ್ಟ್ ಮಾಡಿಸಿ.